ಏಳನೆಯ ಪದರಿನ ಮಂದಿ

ಕಳೆದ ವಾರ ನಮ್ಮ ಮನೆಯ ಪಡಸಾಲೆಗೆ ಹೊಸ ಫರ್ಸಿ ಹಾಸುವ ಕೆಲಸ ನಡೆದಿತ್ತು. ಗೌಂಡಿ ಒಂದು ಕಲ್ಲನ್ನು ಅಳತೆಗೆ ಒಡೆದು, ದೂಳು ಹೋಗಲೆಂದು ಅದರ ಮೇಲೆ ಒಂದು ತಂಬಿಗೆ ನೀರು ಸುರಿದ. ಒದ್ದೆಯಾದ ಶಹಾಬಾದ ಕಲ್ಲಿಗೆ ಒಂದು ವಾಸನೆಯಿದೆ. ಮೊದಲ ಮಳೆಯ ವಾಸನೆಯಲ್ಲ ಅದು. ಹಳೆಯ ಬಾವಿಯೊಳಗೆ ಬಗ್ಗಿದಾಗ ಮುಖಕ್ಕೆ ಬಡಿಯುವಂಥದು. ನಾನು ಅಲ್ಲಿಂದ ಎದ್ದು ಹೋಗಿ ಒಳಗಿನ ಟ್ರಂಕು ತೆಗೆದೆ.

ಆ ವರ್ಷದ ದಿನಚರಿ ಅದರಲ್ಲಿದೆ. ದೇಶ ಸ್ವತಂತ್ರವಾಗುವುದಕ್ಕೆ ಹಿಂದಿನ ಚಳಿಗಾಲ. ಮೊದಲಿನ ಪುಟಗಳೆಲ್ಲ ತುಂಬಿವೆ: ಯಾವ ಗಾಡಿ ಎಷ್ಟು ತಡವಾಯಿತು, ಸಿನಿಮಾದ ಡೈರೆಕ್ಟರ ಸಾಹೇಬರು ಯಾರನ್ನು ಬೈದರು, ವಾಡಿ ಸ್ಟೇಷನ್ನಿನ ಚಹಾ ಹೇಗಿತ್ತು. ನಾನು ಹುಡುಕಿದ ದಿನದ ಪುಟದಲ್ಲಿ ಮಾತ್ರ ಒಂದೇ ಸಾಲು. ‘ಗಾಳಿ ಬಹಳ. ಶೂಟಿಂಗ್ ಆಗಲಿಲ್ಲ.’ ಅಕ್ಷರ ನನ್ನದೇ. ನನಗೆ ನೆನಪಿರುವ ಮಟ್ಟಿಗೆ ಆ ದಿನ ಜಾಲಿಗಿಡದ ಒಂದು ಎಲೆಯೂ ಅಲುಗಿರಲಿಲ್ಲ.

ನೆನಪನ್ನು ನಂಬುವವನಲ್ಲ ನಾನು. ನಂಬಬಾರದೆಂದೇ ದಿನಚರಿ ಇಡುವ ಅಭ್ಯಾಸ ಮಾಡಿಕೊಂಡವನು. ಆದರೂ ಆ ಒಂದು ದಿನದ ಮಟ್ಟಿಗೆ ಕಾಗದಕ್ಕಿಂತ ನೆನಪನ್ನೇ ನಂಬಬೇಕಾಗಿದೆ. ಯಾಕೆಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಬಿ.ಎ. ಮುಗಿಸಿ, ಚಿತ್ತಾಪುರದ ಮನೆಯಲ್ಲಿ ನೌಕರಿಯ ಹುಕುಮಿಗೆ ಕಾಯುತ್ತ ಕುಳಿತಿದ್ದೆ. ನನಗೆ ಕನ್ನಡ ಅಕ್ಷರ ಕಲಿಸಿದವರು ವೀರಭದ್ರಪ್ಪ ಮಾಸ್ತರರು. ನಮ್ಮದು ಹೈದರಾಬಾದ ಸಂಸ್ಥಾನ, ಸರಕಾರಿ ಶಾಲೆಯಲ್ಲಿ ಪಾಠವೆಲ್ಲ ಉರ್ದು. ಹಾಗಾಗಿ ಮಾಸ್ತರರು ತಮ್ಮ ಮನೆಯ ಪಡಸಾಲೆಯಲ್ಲೇ ಒಂದು ಖಾಸಗಿ ಕನ್ನಡ ಶಾಲೆ ನಡೆಸುತ್ತಿದ್ದರು. ಅದಕ್ಕೆ ವರ್ಷವರ್ಷವೂ ಪರವಾನಗಿ ಬೇಕು, ಪರವಾನಗಿಗೆ ಪೊಲೀಸ್ ಅಮೀನರ ವರದಿ ಬೇಕು. ಮಾಸ್ತರರ ಇನ್ನೊಂದು ಕೆಲಸ ಊರಿಗೆಲ್ಲ ಗೊತ್ತಿತ್ತು. ಹದಿನಾರು ವರ್ಷ ಕೂತು ಅವರು ಐದು ಭಾಗಗಳ ಒಂದು ಅದ್ಭುತ ಕಾದಂಬರಿ ಬರೆದು ಸೊಲ್ಲಾಪುರದಲ್ಲಿ ಅಚ್ಚು ಹಾಕಿಸಿದ್ದರು. ಹೆಸರು ‘ಏಳು ಪದರಿನ ರಾಜ್ಯ’.

ಚಂದವ್ವನೆಂಬ ಕಲ್ಲೊಡೆಯುವ ಹೆಣ್ಣುಮಗಳು ಕಳೆದುಹೋದ ತಮ್ಮನನ್ನು ಹುಡುಕುತ್ತ ನೆಲದಡಿ ಇಳಿಯುವ ಕಥೆ ಅದು. ನೆಲದ ಕೆಳಗೆ ಒಂದರಡಿ ಒಂದರಂತೆ ಏಳು ರಾಜ್ಯಗಳು. ಒಂದು ಪದರಿನಲ್ಲಿ ದೀಪದ ಬೆಳಕು ತಿನ್ನುವ ಹಕ್ಕಿಗಳು, ಇನ್ನೊಂದರಲ್ಲಿ ಹಾವಿನ ಮೈಯ ಕುದುರೆಗಳು. ಕಟ್ಟಕಡೆಯ ಪದರಿನಲ್ಲಿ ಕತ್ತಲರಾಯ. ಅಲ್ಲಿ ಚಾವಣಿ ಬಲು ತಗ್ಗು. ಪ್ರಜೆಗಳು ತಲೆಮಾರುಗಳಿಂದ ಬಗ್ಗಿಯೇ ನಡೆಯುವವರು. ದಿನಕ್ಕೊಮ್ಮೆ ರಾಯನ ಮೂರ್ತಿಗೆ ಅಡ್ಡ ಬೀಳಬೇಕು. ಚಂದವ್ವ ಬಂದ ದಿನ ಅವರು ಬೀಳುವುದಿಲ್ಲ. ಯಾರೂ ಕತ್ತಿ ಎತ್ತುವುದಿಲ್ಲ, ಕೂಗುವುದಿಲ್ಲ. ಸುಮ್ಮನೆ ಎದ್ದು ನಿಲ್ಲುತ್ತಾರೆ. ನಿಂತವರ ತಲೆ ತಾಗಿ ಮೇಲಿನ ಕಲ್ಲು ಪದರು ಹಿಡಿದು ಸೀಳುತ್ತದೆ, ಬೆಳಕು ಬರುತ್ತದೆ. ಐದು ಭಾಗವನ್ನೂ ಮಾಸ್ತರರು ಬರೆದದ್ದು ಆ ಒಂದು ಗಳಿಗೆಗಾಗಿ.

ಆ ವರ್ಷ ಮುಂಬಯಿಯಿಂದ ಒಂದು ಸಿನಿಮಾ ಕಂಪನಿ ವಾಡಿಯಲ್ಲಿ ಇಳಿಯಿತು. ರೈಲಿನ ಕಿಟಕಿಯಿಂದ ಶಹಾಬಾದಿನ ಕಲ್ಲಿನ ಗಣಿಗಳನ್ನು ನೋಡಿದ್ದ ಅವರ ಡೈರೆಕ್ಟರರಿಗೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಗುಂಡಿಗಳು ಕಾಸಿಲ್ಲದೆ ಸಿಕ್ಕ ಪಾತಾಳದಂತೆ ಕಂಡಿದ್ದವು. ಯಾರೋ ಮಾಸ್ತರರ ಕಾದಂಬರಿಯ ಸುದ್ದಿ ಹೇಳಿದರು. ಮಾಸ್ತರರು ಒಪ್ಪಿದರು, ಒಂದೇ ಷರತ್ತಿನ ಮೇಲೆ. “ಏನು ಬೇಕಾದ್ದು ಬಿಡ್ರಿ, ಏಳನೇ ಪದರು ಇದ್ದಂಗ ಇರಬೇಕು.” ಅದನ್ನು ಹಿಂದೂಸ್ತಾನಿಗೆ ತಂದು, ಎರಡೂವರೆ ತಾಸಿನ ಸಿನಿಮಾ ಆಗುವಂತೆ ಉರ್ದುವಿನಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ಚಿತ್ತಾಪುರದಿಂದ ವಾಡಿಗೆ ಗಾಡಿ, ಸಂಜೆ ವಾಪಸು. ಹೊರಗೆ ತೊಗರಿ ಒಣಗಿ ನಿಂತ ಹೊಲಗಳು, ಮೊಣಕಾಲ ಮೇಲೆ ಐದು ಭಾಗದ ಕಾದಂಬರಿ. ಡೈರೆಕ್ಟರ ಸಾಹೇಬರು ಮೊದಲ ದಿನವೇ ಏಳು ಪದರನ್ನು ಮೂರು ಮಾಡಿದರು. “ಇಷ್ಟು ಮೆಟ್ಟಿಲು ಇಳಿಯುವ ಹೊತ್ತಿಗೆ ನೋಡುವವನ ಮೊಣಕಾಲು ನೋಯುತ್ತದೆ,” ಎಂದರು. ಬೆಳಕು ತಿನ್ನುವ ಹಕ್ಕಿಗಳ ಜಾಗಕ್ಕೆ ಒಂದು ನಾಚ್ ಬಂತು. ಹಾವಿನ ಕುದುರೆ ಬಿದಿರು, ಗೋಣಿತಾಟು ಮತ್ತು ನಾಲ್ವರು ಹಮಾಲರಿಂದ ತಯಾರಾಯಿತು. ಒಮ್ಮೆ ಅದರ ಹಿಂದಿನ ಕಾಲುಗಳು ಬೀಡಿ ಸೇದಲು ಹೋದಾಗ ಮುಂದಿನ ಕಾಲುಗಳು ಒಂದು ತಾಸು ಕಾದು ನಿಂತಿದ್ದವು. ಪ್ರತಿ ಕಡಿತವನ್ನೂ ಮಾಸ್ತರರಿಗೆ ಹೇಳುತ್ತಿದ್ದೆ. ಅವರು ನಗುತ್ತಿದ್ದರು. “ಕಡಿಲಿ ಬಿಡೋ ಶಾಂತ್ಯಾ. ತಳದ ಕಲ್ಲು ಇದ್ದರ ಸಾಕು.”

ತಳದ ಕಲ್ಲನ್ನು ತೆಗೆದದ್ದು ಡೈರೆಕ್ಟರರಲ್ಲ. ನಾನು.

ಸಭೆ, ನಾಟಕ, ಏನೇ ಇರಲಿ, ಮೊದಲು ಬರಹದಲ್ಲಿ ತೋರಿಸಿ ಪರವಾನಗಿ ಪಡೆಯಬೇಕಿದ್ದ ಕಾಲ. ರಾಜನ ಎದುರು ಪ್ರಜೆಗಳು ಬಗ್ಗದೆ ನಿಂತರು, ರಾಜ್ಯ ಸೀಳಿತು ಎಂದು ಆ ವರ್ಷ ಬರೆದುಕೊಟ್ಟರೆ ಓದುವವನಿಗೆ ಏನನ್ನಿಸುತ್ತದೆ ಎಂದು ನಾನು ಮೂರು ದಿನ ಯೋಚಿಸಿದೆ. ಕಾದಂಬರಿಯ ಮುಖಪುಟದ ಮೇಲೆ ಮಾಸ್ತರರ ಹೆಸರು, ಊರು ಎರಡೂ ಇದ್ದವು. ಶಾಲೆಯ ಪರವಾನಗಿ ಮಾರ್ಚಿಗೆ ಮುಗಿಯುವುದಿತ್ತು. ನಾಲ್ಕನೆಯ ದಿನ ಬರೆದೆ: ‘ತಮಾಮ್ ರಿಆಯಾ ಸಿಜ್ದೇ ಮೇಂ ಗಿರ್ ಜಾತೀ ಹೈ.’ ಪ್ರಜೆಗಳೆಲ್ಲ ಸಾಷ್ಟಾಂಗ ಬೀಳುತ್ತಾರೆ. ಆಮೇಲೆ ಚಂದವ್ವ ಒಬ್ಬಳೇ ಒಂದು ಮಂತ್ರದ ಉಂಗುರದಿಂದ ರಾಯನನ್ನು ಸುಡುತ್ತಾಳೆ. ಪ್ರಜೆಗಳ ದೈನ್ಯ ಚೆನ್ನಾಗಿ ಕಾಣಲೆಂದು ‘ಮೈ ಬರಿದು, ಕೊರಳು ಬರಿದು’ ಎಂಬ ಮಾತನ್ನೂ ಸೇರಿಸಿದೆ. ಹದಿನೈದು ದಿನದಲ್ಲಿ ಪರವಾನಗಿ ಬಂತು.

ಮಾಸ್ತರರನ್ನು ಉಳಿಸಲು ಹಾಗೆ ಮಾಡಿದೆ ಎಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ನೌಕರಿಯ ಹುಕುಮು ಬರಬೇಕಿದ್ದದ್ದು ನನಗೂ ಅದೇ ಸರಕಾರದಿಂದ.

ಮಾಸ್ತರರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರ ಕಾಣುತ್ತಿರಲಿಲ್ಲ, ಮನುಷ್ಯರು ನೆರಳಿನಂತೆ ಕಾಣುತ್ತಿದ್ದರು. ಒಂದು ಮಧ್ಯಾಹ್ನ ಕರೆಸಿ, “ಏಳನೇ ಪದರು ಹ್ಯಾಂಗ ಬರದಿ, ಓದು,” ಎಂದರು. ತೊಡೆಯ ಮೇಲೆ ಉರ್ದು ಹಾಳೆಗಳಿದ್ದವು. ಅವುಗಳ ಮೇಲೆ ಕಾದಂಬರಿಯ ಐದನೆಯ ಭಾಗವನ್ನು ಇಟ್ಟುಕೊಂಡು ಅದರಿಂದಲೇ ಓದಿದೆ. ತಾವು ಬರೆದದ್ದನ್ನೇ ಅವರು ಕಣ್ಣು ಮುಚ್ಚಿ ಕೇಳಿದರು. 

“ಒಂದು ಶಬ್ದನೂ ಬದಲು ಮಾಡಿಲ್ಲಲ್ಲೋ.”

“ಇಲ್ರಿ ಮಾಸ್ತರ.”

“ಅದರ ಸಿನಿಮಾ ತಗೀವತ್ತಿಗಿ ನಾ ಬರ್ತೀನಿ. ಕಾಣಲಿಕ್ಕಿಲ್ಲ, ಇರಲಿ. ಅಲ್ಲಿ ಕುಂದರ್ತೀನಿ.”

ಬೇಡವೆನ್ನಲು ನನಗೆ ಒಂದು ಕಾರಣವೂ ಹೊಳೆಯಲಿಲ್ಲ. ಅಲ್ಲಿಂದ ಆ ದಿನದ ತನಕ ನನಗೆ ಊಟ ಸೇರಲಿಲ್ಲ ಎಂದು ದಿನಚರಿ ಹೇಳುತ್ತದೆ. ಹೊಟ್ಟೆಯ ತೊಂದರೆ ಎಂದು ಬರೆದಿದ್ದೇನೆ.

ಪ್ರಜೆಗಳಾಗಲು ನೂರರ ಸುಮಾರು ಮಂದಿ ಬೇಕಿತ್ತು. ಗಣಿಯ ಕೆಲಸಗಾರರು ಕೆಲವರು, ಉಳಿದವರು ಗುಂಡಗುರ್ತಿಯ ಕಡೆಯಿಂದ ರಾಶಿ ಮುಗಿಸಿ ಬಂದ ಒಕ್ಕಲಿನವರು. ಅವರೆಲ್ಲರ ಮುಂದಾಳು ಶರಣಮ್ಮ. ಅರವತ್ತು ದಾಟಿದ ಹೆಂಗಸು, ಮೂವತ್ತು ವರ್ಷ ಗಣಿಯಲ್ಲಿ ಕಲ್ಲು ಹೊತ್ತವಳು. ಆಕೆಯ ಮಾತು ಕೇಳದೆ ಆ ಗುಂಪಿನಲ್ಲಿ ಯಾರೂ ಬುತ್ತಿ ಸಹ ಬಿಚ್ಚುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ವೇಷಭೂಷಣದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೊರಳಿನದೆಲ್ಲ ತೆಗೆಯಿರಿ ಎಂದ. ಬರಹದಲ್ಲಿ ಹಾಗಿದೆ ಎಂದು ಹಾಳೆ ತೋರಿಸಿದ. ಗಣಿಯವರ ಪೈಕಿ ಕೆಲವರು ತಾಯತ ಬಿಚ್ಚಿದರು. ಉಳಿದವರು ಅಲುಗಲಿಲ್ಲ. ಅವರ ಕೊರಳಲ್ಲಿ ಇಷ್ಟಲಿಂಗವಿತ್ತು. ಕೆಲವರದು ಬೆಳ್ಳಿಯ ಕರಡಿಗೆಯಲ್ಲಿ, ಹೆಚ್ಚಿನವರದು ಬಟ್ಟೆಯಲ್ಲಿ ಸುತ್ತಿದ್ದು. ಹುಟ್ಟಿದಂದಿನಿಂದ ಮೈಬಿಟ್ಟು ಇಳಿಯದ ವಸ್ತು. ಮಣ್ಣಿಗೆ ಹೋಗುವಾಗಲೂ ಜೊತೆಗೆ ಹೋಗುವಂಥದು.

‘ಕೊರಳು ಬರಿದು’ ಎಂದು ಬರೆಯುವಾಗ ಇದು ನನಗೆ ಹೊಳೆದೇ ಇರಲಿಲ್ಲ. ಮುಂಬಯಿಯವನಿಗೆ ಹೊಳೆಯದಿದ್ದರೆ ಸರಿ. ನಾನು ಲಿಂಗ ಕಟ್ಟುವ ಮನೆತನದವನೇ.

ಡೈರೆಕ್ಟರರು ನನ್ನನ್ನು ಕಳಿಸಿದರು. ನಾನು ಹೋಗಿ ಇನ್ನೊಂದು ತಪ್ಪು ಮಾಡಿದೆ.

“ಆಯಿ, ಒಂದು ತಾಸಿನ ಮಾತು. ತಗದು ನನ್ನ ಕೈಯಾಗ ಕೊಡ್ರಿ. ನಾ ಜ್ವಾಕಿಲೇ ಹಿಡ್ಕೋತೀನಿ.”

ಶರಣಮ್ಮ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

“ನೂರು ಮಂದೀದು ಹಿಡ್ಕೋತೀ?”

“ಹಿಡ್ಕೋತೀನಿ.”

“ನಿಂದು ಎಲ್ಲದಪಾ?”

ನನ್ನ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಯಿತು. ಅಂಗಿಯೊಳಗೆ ಏನೂ ಇರಲಿಲ್ಲ. ಹೈದರಾಬಾದಿನ ಹಾಸ್ಟೆಲಿನಲ್ಲಿ ಒಂದು ದಿನ ಸ್ನಾನಕ್ಕೆ ತೆಗೆದಿಟ್ಟದ್ದು ಟ್ರಂಕಿಗೆ ಸೇರಿ ಮೂರು ವರ್ಷವಾಗಿತ್ತು.

“ತನ್ನದೊಂದು ಜ್ವಾಕಿ ಮಾಡಲಿಕ್ಕಾಗಿಲ್ಲ, ನೂರು ಮಂದೀದು ಬೇಕಂತ,” ಎಂದಳು ಪಕ್ಕದವಳಿಗೆ. ಸಾಲಿನುದ್ದಕ್ಕೂ ನಗೆ ಹರಿಯಿತು. ಆಮೇಲೆ ಸ್ವಲ್ಪ ಮೆತ್ತಗಾಗಿ, “ಮ್ಯಾಲ ಕರಿ ಕಂಬಳಿ ಹೊಚ್ಚಿಕೋತೀವಿ. ಕಾಣಂಗಿಲ್ಲ. ಆದ್ರ ಬೋರಲ ಬೀಳಂಗಿಲ್ಲ ನೋಡು. ಲಿಂಗ ನೆಲಕ್ಕ ಹತ್ತತದ. ಅದೂ ಆ ಗೊಂಬಿ ಮುಂದ,” ಎಂದಳು.

ಗೊಂಬೆಯೆಂದರೆ ಕತ್ತಲರಾಯನ ಮೂರ್ತಿ. ಬಿದಿರು ಕಟ್ಟಿ ಮೇಲೆ ಗಚ್ಚು ಬಳಿದದ್ದು, ಎರಡಾಳು ಎತ್ತರ. ಒಂದು ಕಿವಿ ಒಣಗುವ ಮೊದಲೇ ಬಿದ್ದುಹೋಗಿತ್ತು.

ಕಂಬಳಿಯ ಮಾತನ್ನು ಡೈರೆಕ್ಟರರಿಗೆ ಹೇಳಿದೆ, ಒಪ್ಪಿದರು. ಬೀಳುವುದಿಲ್ಲ ಎಂದದ್ದನ್ನು ಹೇಳಲಿಲ್ಲ. ಡೋಲು ಬಡಿದರೆ, ಮುಂದಿನವರು ಬಿದ್ದರೆ, ಹಿಂದಿನವರೂ ಬೀಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅಥವಾ ಬೀಳದಿರಲಿ ಎಂದುಕೊಂಡೆನೋ. ಈ ಎರಡನೆಯದನ್ನು ಆಮೇಲೆ ಸೇರಿಸಿಕೊಂಡಿರಬಹುದು; ಆಗ ನನಗಿದ್ದದ್ದು ಬರಿಯ ಭಯ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸೇರಿದರು. ಅಮೀನ ಸಾಹೇಬರು ಗಣಿಯ ಅಂಚಿನ ಮೇಲೆ ಕುರ್ಚಿ ಹಾಕಿಸಿಕೊಂಡು, ಮೊಹರು ಬಿದ್ದ ಉರ್ದು ಪ್ರತಿಯನ್ನು ತೊಡೆಯ ಮೇಲಿಟ್ಟು ಕೂತರು. ಬರೆದದ್ದಕ್ಕಿಂತ ಹೆಚ್ಚು ಕಡಿಮೆ ಏನಾದರೂ ನಡೆದರೆ ನಿಲ್ಲಿಸಿ ವರದಿ ಕಳಿಸುವುದು ಅವರ ಕೆಲಸ. ಚಿತ್ತಾಪುರದ ಶಾಲೆಯ ವರದಿ ಬರೆಯುವವರೂ ಅವರೇ. ಅವರಿಂದ ಹತ್ತು ಹೆಜ್ಜೆ ದೂರದಲ್ಲಿ, ಜಾಲಿಗಿಡದ ನೆರಳಿನ ಫರ್ಸಿಯ ಮೇಲೆ ಮಾಸ್ತರರು. ಬೆಳಿಗ್ಗೆಯೇ ಗಾಡಿ ಹಿಡಿದು ಬಂದಿದ್ದರು. ಬಿಳಿ ರುಮಾಲು, ಮಡಿಕೆ ಮುರಿಯದ ಕೋಟು. ಇಬ್ಬರ ನಡುವೆ ನಾನು ನಿಂತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ಆ ಹತ್ತು ಹೆಜ್ಜೆಯ ಜಾಗ.

ಕೆಳಗೆ ಕಲ್ಲಿಗೆ ನೀರು ಎರಚಿದ್ದರು, ಕ್ಯಾಮೆರಾಕ್ಕೆ ಕಪ್ಪಗೆ ಕಾಣಲೆಂದು. ಆ ವಾಸನೆ ಮೇಲಿನ ತನಕ ಬರುತ್ತಿತ್ತು. ನೂರು ಮಂದಿ ಕಂಬಳಿ ಹೊದ್ದು, ಬೆನ್ನು ಬಗ್ಗಿಸಿ, ಗಚ್ಚಿನ ಮೂರ್ತಿಯ ಮುಂದೆ ಬಂದು ಸೇರಿದರು. ಅಷ್ಟನ್ನು ಚೆನ್ನಾಗಿ ಮಾಡಿದರು. ಡೋಲಿಗೆ ಪೆಟ್ಟು ಬಿತ್ತು. ಕ್ಯಾಮೆರಾ ತಿರುಗತೊಡಗಿತು. ಡೈರೆಕ್ಟರರು ಕೈ ಕೆಳಗೆ ಮಾಡಿ, “ಗಿರೋ,” ಎಂದರು.

ಶರಣಮ್ಮ ಬೆನ್ನು ನೆಟ್ಟಗೆ ಮಾಡಿದಳು. ಬಲಗೈಯನ್ನು ಕಂಬಳಿಯೊಳಗೆ ಎದೆಯ ಮೇಲಿಟ್ಟುಕೊಂಡಳು. ಅವಳ ಪಕ್ಕದವಳು, ಆಕೆಯ ಪಕ್ಕದವನು, ಹೀಗೆ ಒಬ್ಬೊಬ್ಬರಾಗಿ ಎದ್ದರು. ಲಿಂಗವಿಲ್ಲದವರೂ, ತಾಯತ ಬಿಚ್ಚಿಟ್ಟ ಗಣಿಯವರೂ, ಸುತ್ತ ನೋಡಿ ಎದ್ದು ನಿಂತರು. ಯಾರೂ ಮಾತಾಡಲಿಲ್ಲ. “ಗಿರೋ, ಗಿರೋ,” ಎಂದು ಡೈರೆಕ್ಟರರ ದನಿ ಗಣಿಯ ಗೋಡೆಗೆ ಬಡಿದು ತಿರುಗಿ ಬಂತು.

“ಶಾಂತ್ಯಾ,” ಎಂದರು ಮಾಸ್ತರರು. “ಡೋಲು ನಿಂತದ. ಮಂದಿ ಏನ ಮಾಡಲಿಕತ್ತಾರ?”

ನಾನು ಅವರ ಪಕ್ಕಕ್ಕೆ ಹೋದೆ.

“ನಿಂತಾರೇನೋ?”

“ನಿಂತಾರ್ರಿ.”

“ಎಲ್ಲರೂ?”

“ಎಲ್ಲರೂ ನಿಂತಾರ್ರಿ ಮಾಸ್ತರ.”

ಅವರು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. “ಬರದಂಗೇ ಮಾಡಿಸಿದಿ,” ಎಂದರು. ಆ ಹಿಡಿತ ಬಿಡಿಸಿಕೊಂಡು ನಾನು ಅಮೀನರ ಕಡೆಗೆ ಹೋಗಬೇಕಾಯಿತು, ಯಾಕೆಂದರೆ ಅವರು ಬೆರಳಿನಿಂದ ಕರೆಯುತ್ತಿದ್ದರು.

“ಏನ್ರಿ ಶಾಂತಪ್ಪ, ಇದು ನಿಮ್ಮ ಕೈ ಬರಹ ಅಲ್ಲೇನು?” ಬೆರಳು ಆ ಸಾಲಿನ ಮೇಲೆಯೇ ಇತ್ತು. “ಓದ್ರಿ.”

ಓದಿದೆ.

“ಸಿಜ್ದಾ ಅಂದ್ರ ಯಾರಿಗಿ ಮಾಡೋದು, ಗೊತ್ತದ ಇಲ್ಲೋ?”

“ಗೊತ್ತದರಿ.”

“ಅಲ್ಲಾಹನಿಗಿ. ಮತ್ತ್ಯಾರಿಗೂ ಇಲ್ಲ.” ಅವರು ಕೆಳಗಿನ ಮೂರ್ತಿಯನ್ನು, ಅದರ ಇಲ್ಲದ ಕಿವಿಯನ್ನು ನೋಡಿದರು. “ನೀವು ಇದನ್ನ ಬರದ್ರಿ, ಮ್ಯಾಲಿನವರು ಓದಲಾರದೇ ಮೊಹರು ಹೊಡದ್ರು. ಬರದಂಗ ನಡೀಲಿ ಅಂತ ನೋಡಲಿಕ್ಕಿ ನನ್ನ ಕೂಡ್ಸ್ಯಾರ. ಈಗ ಇವರು ಬೀಳವಲ್ರು. ಹುಕುಮಿನ ಪ್ರಕಾರ ನಾ ಎದ್ದು ಇವರಿಗಿ, ಆ ಗಚ್ಚಿನ ಬುತ್ತಿಗಂಟಿಗಿ ಸಿಜ್ದಾ ಮಾಡ್ರಿ, ಅಂತ ಹೇಳಬೇಕು. ಕೆಳಗ ನಮ್ಮವರೂ ನಾಕ ಮಂದಿ ನಿಂತಾರ. ಶುಕ್ರವಾರ ಮಸೂತಿಯಾಗ ನಾ ಅವರ ಬಾಜೂಕ ಯಾವ ಮಾರಿ ಇಟ್ಕೊಂಡು ನಿಲ್ಲಲಿ?”

ಅವರು ಹಾಳೆಯ ಮೇಲಿನ ಮೊಹರನ್ನು ಬೆರಳಿನಿಂದ ತಟ್ಟಿದರು.

“ನಿಲ್ಲಿಸಿದ್ರ ವರದಿ ಬರೀಬೇಕು. ಯಾಕ ನಿಂತ್ರು ಅಂತ ಕೇಳ್ತಾರ. ಪುಸ್ತಕ ಬರದವನು ಯಾರು ಅಂತ ಕೇಳ್ತಾರ.” ಜಾಲಿಗಿಡದ ಕಡೆ ಕಣ್ಣು ಹಾಯಿಸಿದರು. “ನನ್ನ ತಂಗೀ ಮಗ ಅವರ ಸಾಲಿಗೇ ಹೋಗ್ತಾನ, ಲೆಕ್ಕ ಚಲೋ ಹೇಳ್ತಾರಂತ.” ಹಾಳೆಗಳನ್ನು ಮಡಚಿದರು. “ಇವತ್ತು ಗಾಳಿ ಭಾಳ ಇತ್ತು. ಕೆಲಸ ಆಗಲಿಲ್ಲ. ನಾ ಹಂಗೇ ಬರೀತೀನಿ. ನೀವೂ ಎಲ್ಲೆರ ಬರದ್ರ ಹಂಗೇ ಬರೀರಿ.”

“ಗಾಳಿ ಎಲ್ಲದರಿ ಸಾಹೇಬ್ರ?”

“ಬರದ ಮ್ಯಾಲ ಬರ್ತದ.”

ಹಾಗಾಗಿ ಬರೆದೆ. ಹೈದರಾಬಾದಿನಲ್ಲಿ ಗೆಳೆಯನೊಬ್ಬನ ಕೋಣೆಯಲ್ಲಿ ಪೊಲೀಸರು ದಿನಚರಿಯನ್ನೇ ಮೊದಲು ಎತ್ತಿಕೊಂಡು ಹೋಗಿದ್ದರು. ಅದಕ್ಕೇ ಆ ಪುಟದಲ್ಲಿ ಗಾಳಿ ಬೀಸುತ್ತಿದೆ.

ಡೈರೆಕ್ಟರರು ಸೋಮವಾರ ಬೇರೆ ಮಂದಿಯನ್ನು ತಂದು ಬೀಳಿಸೋಣ ಎಂದರು. ಆ ಸೋಮವಾರ ಬರಲಿಲ್ಲ. ಮುಂಬಯಿಯಿಂದ ತಂತಿ ಬಂದು ಕಂಪನಿ ತನ್ನ ಪೆಟ್ಟಿಗೆಗಳನ್ನೆಲ್ಲ ಗಾಡಿಗೇರಿಸಿತು. ಸಿನಿಮಾ ಎಲ್ಲೂ ತೆರೆ ಕಾಣಲಿಲ್ಲ. ಕ್ಯಾಮೆರಾದ ಹುಡುಗ ಆ ದಿನ ಎಷ್ಟು ಹೊತ್ತು ತಿರುಗಿಸಿದ್ದ, ನಿಂತವರು ಆ ರೀಲಿನಲ್ಲಿ ಎಲ್ಲಾದರೂ ಇದ್ದಾರೆಯೇ, ನನಗೆ ತಿಳಿಯಲಿಲ್ಲ. ಕತ್ತಲರಾಯ ಮೊದಲ ಮಳೆಗೆ ಕರಗಿ, ಬಿದಿರು ಉಳಿದು, ಅದನ್ನೂ ಯಾರೋ ಒಯ್ದರು. ಶಾಲೆಯ ಪರವಾನಗಿ ಮಾರ್ಚಿನಲ್ಲಿ ಮತ್ತೆ ಸಿಕ್ಕಿತು.

ಮಾಸ್ತರರು ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದರು: “ನಮ್ಮ ಶಾಂತ್ಯಾ ಒಂದು ಶಬ್ದ ಬದಲು ಮಾಡಲಾರದೇ ಮಾಡಿಸಿದ.” ಕೇಳಿದಾಗಲೆಲ್ಲ ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಬೇಸಿಗೆಯ ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ನೌಕರಿಯ ಹುಕುಮು ಬಂದು ಮರುದಿನ ಊರು ಬಿಡುವವನಿದ್ದೆ. ಉರ್ದು ಹಾಳೆಗಳನ್ನು ತೆಗೆದುಕೊಂಡು ಹೋಗಿ, “ಮಾಸ್ತರ, ನಾ ಬರದದ್ದು ಓದ್ತೀನಿ,” ಎಂದೆ.

“ಓದೀದಿ ಅಲ್ಲೋ.”

“ಅವತ್ತು ಓದಿದ್ದು ನಿಮ್ದು. ಇದು ನಂದು.”

ಹಾಳೆಯ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸುತ್ತ ಓದಿದೆ. ಕೊರಳು ಬರಿದು ಎಂಬುದನ್ನು ಓದಿದೆ. ಪ್ರಜೆಗಳೆಲ್ಲ ಅಡ್ಡ ಬೀಳುತ್ತಾರೆ ಎಂಬುದನ್ನು ಓದಿದೆ. ಉಂಗುರದ ಸಾಲಿಗೆ ಬಂದು ಹಾಳೆ ಮಡಚಿದೆ. ಮಾಸ್ತರರ ಮುಖ ನೋಡುವ ಧೈರ್ಯವಿಲ್ಲದೆ ಅವರ ಕೈ ನೋಡುತ್ತಿದ್ದೆ. ಕೈ ಅಂಗಿಯೊಳಗೆ ಎದೆಯ ಮೇಲಿತ್ತು.

ಈ ಮುಂದಿನ ಮಾತು ದಿನಚರಿಯಲ್ಲಿಲ್ಲ. ಗಾಳಿಯ ಆ ಸಾಲು ಬರೆದ ಮೇಲೆ ಕೆಲವು ತಿಂಗಳು ನಾನು ದಿನಚರಿ ಬರೆಯುವುದನ್ನೇ ಬಿಟ್ಟಿದ್ದೆ. ಆದ್ದರಿಂದ ಇದಕ್ಕೆ ನನ್ನ ಕಿವಿಯ ಹೊರತು ಸಾಕ್ಷಿಯಿಲ್ಲ.

“ಹಂಗಾದ್ರ ಅವತ್ತು,” ಎಂದರು ಮಾಸ್ತರರು, “ನಿಲ್ರಿ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲರಿ. ಬೀಳ್ರಿ ಅಂತಲೇ ಹೇಳಿದ್ರು. ಮೊದಲ ಒಬ್ಬ ಮುದುಕಿ ಎದ್ದಳು, ಆಮ್ಯಾಲ ಎಲ್ಲರೂ ತಾವೇ ನಿಂತ್ರು.”

“ನೀ ಬೀಳ್ತಾರ ಅಂತ ಬರದಿದ್ರೂ?”

“ಹೌದ್ರಿ.”

ಹೊರಗೆ ಹುಡುಗರು ಮಗ್ಗಿ ಹೇಳುವುದು ನಡೆದಿತ್ತು, ಅಮೀನರ ತಂಗಿಯ ಮಗನ ದನಿಯೂ ಅದರಲ್ಲಿತ್ತು.

“ನನಗ ಸುಳ್ಳು ಓದಿದ್ದು ಚಲೋ ಆಗಲಿಲ್ಲ ಶಾಂತ್ಯಾ,” ಎಂದರು. “ಅದು ಬ್ಯಾರೆ. ಆದ್ರ ನಾ ಬರದೀನಂತ ಅವರು ನಿಂತಿದ್ರ ಅದೊಂದು ಆಟ ಆಗ್ತಿತ್ತು. ಹದಿನಾರು ವರ್ಷ ಇದು ಖರೇ ಆಗ್ತದೋ ಇಲ್ಲೋ ಅಂತ ಅಂಜಿಕೋತೇ ಬರದೀನಿ ನಾನು.”

ಆಮೇಲೆ ಮೂಲೆಯಲ್ಲಿದ್ದ ಐದನೆಯ ಭಾಗದ ಕಡೆ ಕೈ ತೋರಿಸಿದರು.

“ಅದನ್ನ ತಗಿ. ನಿಂತವರ ಮುಂದ ಒಬ್ಬ ಮುದುಕಿ ಇದ್ದಳಲ್ಲ, ಆಕಿ ಏನೇನು ಮಾಡಿದಳು, ಕೈ ಎಲ್ಲಿಟ್ಟಳು, ಎಲ್ಲಾ ಹೇಳು. ಅಂಚಿನ್ಯಾಗ ಬರ್ಕೋತ ಹೋಗು.”

ಟ್ರಂಕಿನಲ್ಲಿ ಆ ಪುಸ್ತಕವೂ ಇದೆ. ಕೊನೆಯ ಪುಟಗಳ ಅಂಚಿನಲ್ಲಿ ನನ್ನ ಅಕ್ಷರದಲ್ಲಿ ಶರಣಮ್ಮ ನಿಂತಿದ್ದಾಳೆ. ಅಲ್ಲಿ ಗಾಳಿಯ ಮಾತಿಲ್ಲ.